ಐದೂರು ಸುತ್ತಿ ಬಂದ ಮುರಳೀಧರ

ಅಮೆರಿಕದ ಜರ್ಮನ್‌ಟೌನಿನ ಮುರಳೀಧರ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಅನುಮಾನ ಬರಬಹುದು. 1996ರ ಮೇ ತಿಂಗಳಲ್ಲಿ ಅವನು ಇಟಲಿಯಿಂದ ಮಗಳಿಗೆ ಒಂದು ಪೋಸ್ಟ್‌ಕಾರ್ಡ್ ಬರೆದ. ಅದರಲ್ಲಿ ಒಂದೇ ಒಂದು ಸುಳ್ಳು ಪದ ಇರಲಿಲ್ಲ. 'ಇವತ್ತು ಸೈಕಲ್ಲಿನೊಂದಿಗೆ ಐದು ಹಳೇ ಊರು ಸುತ್ತಿ ಬಂದೆ. ಸ್ಪೆಲ್ಲೊ, ಕನ್ನಾರಾ, ಬೆವಾನ್ಯಾ, ಮಾಂಟೆಫಾಲ್ಕೊ, ಟ್ರೇವಿ. ಒಟ್ಟು ಐವತ್ತೈದು ಕಿಲೋಮೀಟರ್. ತುಂಬಾ ಏರು. ಮಂಡಿ ನೋಯುತ್ತಿದೆ. ನಿನ್ನ ಅಪ್ಪ.' ಇಷ್ಟೇ. ಓದಿದವರು 'ಸೈಕಲ್ಲಿನೊಂದಿಗೆ' ಎಂಬಲ್ಲಿ ಒಂದು ಕ್ಷಣ ನಿಂತಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಯಾರೂ ನಿಲ್ಲಲಿಲ್ಲ.

ಮುರಳೀಧರ ಮೈಸೂರಿನವನು. ವಯಸ್ಸು ನಲವತ್ತನಾಲ್ಕು. ಹೈವೇ ಪಕ್ಕದ ಒಂದು ಬಯೋಟೆಕ್ ಲ್ಯಾಬಿನಲ್ಲಿ ಪ್ರೋಟೀನುಗಳನ್ನು ಶುದ್ಧಿ ಮಾಡುವ ಕೆಲಸ. ಲ್ಯಾಬಿನವರು ಅವನನ್ನು ಇಟಲಿಯ ಪೆರೂಜಾದಲ್ಲಿ ನಡೆದ ಒಂದು ಸಮ್ಮೇಳನಕ್ಕೆ ಕಳಿಸಿದ್ದರು. ಮೂರನೆಯ ದಿನ ಬಿಡುವು. ಗೋಡೆಗೆ ಎರಡು ಹಾಳೆ ಅಂಟಿಸಿದ್ದರು. ಒಂದರ ಮೇಲೆ ಏನೋ ಉದ್ದದ ಹೆಸರು, ಇನ್ನೊಂದರ ಮೇಲೆ 'ಜೀರೊ' ಎಂದಷ್ಟೇ. ಜೀರೊ ಎಂದರೆ ಇಟಾಲಿಯನ್ನಿನಲ್ಲಿ ಸುತ್ತು ಎಂದು ಯಾರೋ ಹೇಳಿದರು. ಸುತ್ತು ಎಂದರೆ ಬಸ್ಸಿನಲ್ಲಿ ಸುತ್ತಾಟ ಎಂದು ಮುರಳೀಧರ ತಿಳಿದು, ದುಂಡಾದ ಅಕ್ಷರಗಳಲ್ಲಿ ಸಹಿ ಮಾಡಿದ. ಬಸ್ಸಿನ ಹಾಳೆ ಉದ್ದದ ಹೆಸರಿನದಾಗಿತ್ತು.

ಬೆಳಗ್ಗೆ ಆ ಹಾಳೆಗೆ ಸಹಿ ಮಾಡಿದವರನ್ನು ಕಣಿವೆಯ ಫೊಲಿನ್ಯೋ ಪೇಟೆಗೆ ಕರೆದೊಯ್ದು ಕೈಗೆ ಒಂದೊಂದು ಹೆಲ್ಮೆಟ್ ಕೊಟ್ಟರು. ಮುರಳೀಧರ ಬಸ್ಸಿಗಾಗಿ ಅತ್ತಿತ್ತ ನೋಡಿದ. ಸೈಕಲ್ಲುಗಳು ಬಂದವು. ಹಿಂದೆ ಸರಿಯೋಣವೆಂದರೆ, ಪಕ್ಕದಲ್ಲಿ ಫಿನ್‌ಲೆಂಡಿನ ಅರವತ್ತು ವರ್ಷದ ಪ್ರೊಫೆಸರಮ್ಮ ಆಗಲೇ ಸೀಟು ಏರಿ ಕೂತು ಗಂಟೆ ಬಾರಿಸುತ್ತಿದ್ದರು. ಮೈಸೂರಿನವನೊಬ್ಬ ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಮುರಳೀಧರ ಮಾಡಿದ: ಮುಗುಳ್ನಕ್ಕು ಹತ್ತಿದ.

ಅವನಿಗೆ ಸೈಕಲ್ ಬರುತ್ತಿತ್ತು, ಸಮತಟ್ಟಾದ ನೆಲದಲ್ಲಿ. ಇಪ್ಪತ್ತೈದು ವರ್ಷಗಳ ಹಿಂದೆ ಒಂದು ಮೈದಾನದಲ್ಲಿ ಬಾಡಿಗೆ ಸೈಕಲ್ಲಿನಲ್ಲಿ ಕಲಿತದ್ದು. ಮೈದಾನಕ್ಕೆ ಏರು ಇರಲಿಲ್ಲವಾದ್ದರಿಂದ ಪಠ್ಯದ ಆ ಭಾಗ ಹಾಗೇ ಉಳಿದಿತ್ತು. ಹೀಗಾಗಿ ಸ್ಪೆಲ್ಲೊ ಊರಿನ ಬುಡದ ತನಕ ಅವನು ಚೆನ್ನಾಗಿಯೇ ಹೋದ. ಅಲ್ಲಿ ರೋಮನ್ನರು ಕಟ್ಟಿದ ಕಲ್ಲಿನ ಹೆಬ್ಬಾಗಿಲು. ಬಾಗಿಲು ದಾಟಿದರೆ ಓಣಿ ನೇರ ಆಕಾಶಕ್ಕೆ. ಉಳಿದ ಎಂಟು ಜನ ಹಲ್ಲು ಕಚ್ಚಿ ತುಳಿದು ತಿರುವಿನಲ್ಲಿ ಮಾಯವಾದರು. ಮುರಳೀಧರನ ಸೈಕಲ್ಲು ನಾಲ್ಕು ಮಾರು ಏರಿ, ಸ್ವಲ್ಪ ಯೋಚಿಸಿ, ಹಿಮ್ಮುಖವಾಗಿ ಇಳಿಯತೊಡಗಿತು. ಚೈನು ಕಳಚಿತು. ಅವನು ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತ.

ಆಗ ಬಂದವಳು ಅಸ್ಸುಂತಾ. ಎಪ್ಪತ್ತರ ಅಜ್ಜಿ, ಕಪ್ಪು ಸ್ವೆಟರು, ಬ್ರೆಡ್ ಮಾರುವವಳು. ಅವಳ ಮೂರು ಚಕ್ರದ ಪುಟ್ಟ ಗಾಡಿ ನಮ್ಮ ಆಟೋರಿಕ್ಷಾಕ್ಕೆ ದಾಯಾದಿಯಂತಿತ್ತು; ಮುಂದೆ ಒಬ್ಬರು ಕೂರುವ ಗೂಡು, ಹಿಂದೆ ಬ್ರೆಡ್ಡಿನ ಬುಟ್ಟಿಗಳು. ಅವಳು ಸೈಕಲ್ಲನ್ನೂ ಮುರಳೀಧರನನ್ನೂ ಒಂದೊಂದು ಸಲ ನೋಡಿ, ಸೈಕಲ್ಲನ್ನು ಎತ್ತಿ ಹಿಂದಕ್ಕೆ ಹಾಕಿದಳು, ಮುರಳೀಧರನನ್ನು ಮುಂದಕ್ಕೆ ತುರುಕಿದಳು, ಜಾಗವಿಲ್ಲದ ಒಂದು ಬುಟ್ಟಿಯನ್ನು ಅವನ ಮಂಡಿಯ ಮೇಲಿಟ್ಟಳು. "ಫೊಲಿನ್ಯೋ" ಎಂದು ಅವನು ವಿನಯದಿಂದ ಹೇಳಿದ. ಅವಳು ತಲೆಯಾಡಿಸಿ ಗಾಡಿಯನ್ನು ವಿರುದ್ಧ ದಿಕ್ಕಿಗೆ ಬಿಟ್ಟಳು. ಅವಳಿಗೆ ಇನ್ನೂ ನಾಲ್ಕೂರಿಗೆ ಬ್ರೆಡ್ ಹಾಕುವುದಿತ್ತು.

ಹೀಗೆ ಮುರಳೀಧರ ಆ ಇಡೀ ಸುತ್ತನ್ನು ಸುತ್ತಿದ. ಸ್ಪೆಲ್ಲೊದಲ್ಲಿ ಎರಡನೇ ಅಂತಸ್ತಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿಗೆ ಬ್ರೆಡ್ ಹಾಕಿದ. ಈರುಳ್ಳಿಗೆ ಹೆಸರಾದ ಕನ್ನಾರಾದಲ್ಲಿ ಯಾರೋ ಅವನ ಕೈಗೆ ಒಂದು ಕಟ್ಟು ಈರುಳ್ಳಿ ಕೊಟ್ಟರು. ಬೆವಾನ್ಯಾದ ಚೌಕದಲ್ಲಿ ಎಂಟುನೂರು ವರ್ಷದ ಎರಡು ಚರ್ಚುಗಳು ಎದುರುಬದುರು ನಿಂತಿದ್ದವು. ಅವುಗಳ ನಡುವೆ ಓಡಾಡಿ ಹನ್ನೊಂದು ಮನೆಗೆ ಬ್ರೆಡ್ ಮುಟ್ಟಿಸಿದ. ಮಾಂಟೆಫಾಲ್ಕೊ ಬೆಟ್ಟದ ನೆತ್ತಿಯಲ್ಲಿತ್ತು. ಅಲ್ಲಿ ಅವನು ಸೈಕಲ್ಲು ಇಳಿಸಿ ಚೈನು ಏರಿಸಿ, ಬ್ರೆಡ್ ತಿನ್ನುತ್ತ ಕಣಿವೆ ನೋಡುತ್ತ ನಿಂತಿದ್ದಾಗ, ಪ್ರೊಫೆಸರಮ್ಮನ ತಂಡ ಮೀನಿನ ಹಾಗೆ ಬಾಯಿ ತೆರೆದುಕೊಂಡು ಮೇಲೆ ಬಂತು. ಅವರಿಗೆ ಮೈಯೆಲ್ಲ ನೀರು. ಇವನ ಹಣೆಯಲ್ಲಿ ಒಂದು ಹನಿಯಿಲ್ಲ.

"ನಮಗಿಂತ ಮುಂಚೆ ಬಂದಿರಾ?" ಎಂದು ಕೇಳಿದರು ಪ್ರೊಫೆಸರಮ್ಮ.

"ಹೌದು," ಎಂದ ಮುರಳೀಧರ. ಅದೂ ನಿಜವೇ. ಆಕೆ ಗೌರವದಿಂದ ಅವನದೊಂದು ಫೋಟೋ ತೆಗೆದು, ಅವನ ವಿಳಾಸ ಬರೆದುಕೊಂಡು, ಇನ್ನೊಂದು ಮಾತಾಡದೆ ಹೋಗಿ ನೀರಿನ ತೊಟ್ಟಿಗೆ ತಲೆ ಕೊಟ್ಟರು.

ಕೊನೆಗೆ ಟ್ರೇವಿ. ಬೆಟ್ಟಕ್ಕೆ ಯಾರೋ ಪೇಟ ಸುತ್ತಿದ ಹಾಗೆ ಮನೆಗಳು, ಕೆಳಗೆಲ್ಲ ಆಲಿವ್ ಮರಗಳು. ಸಂಜೆ ಅಸ್ಸುಂತಾ ಅವನನ್ನು ಫೊಲಿನ್ಯೋದಲ್ಲಿ ಇಳಿಸಿ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಇಷ್ಟನ್ನೂ ಪೋಸ್ಟ್‌ಕಾರ್ಡಿನಲ್ಲಿ ಬರೆಯಲು ಜಾಗ ಸಾಲದು.

ಮನೆಗೆ ಬಂದ ದಿನವೇ ಅವನು ಹೆಂಡತಿ ಜಯಾಗೆ ಎಲ್ಲ ಹೇಳಿದ, ಮುತ್ತಿನ ವಿಷಯವೊಂದನ್ನು ಬಿಟ್ಟು. ಜಯಾ ಕೌಂಟಿ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಪ್ರತಿಯೊಂದನ್ನೂ ಅದರದರ ಕಪಾಟಿನಲ್ಲೇ ಇಡುವ ಅಭ್ಯಾಸ.

"ನನಗೆ ಹೇಳಿದ್ದಾಯ್ತು. ಈಗ ತನ್ವಿಗೆ ಹೇಳಿ," ಎಂದಳು. "ಕಾರ್ಡ್ ಬಂದು ಐದು ದಿನ ಆಯ್ತು. ಫ್ರಿಜ್ ಮೇಲಿದೆ."

ತನ್ವಿಗೆ ಹನ್ನೆರಡು ವರ್ಷ. ಆ ತನಕ ಅಪ್ಪನ ಬಗ್ಗೆ ಅವಳಿಗೆ ವಿಶೇಷ ಅಭಿಪ್ರಾಯವೇನೂ ಇರಲಿಲ್ಲ. ಹಿಂದಿನ ವರ್ಷ ಸ್ಕೂಲಿನ ಒಂದು ಫಾರ್ಮಿನಲ್ಲಿ 'ತಂದೆಯ ಹವ್ಯಾಸ' ಎಂಬಲ್ಲಿ ಅವಳು ಬಹಳ ಯೋಚಿಸಿ 'ರೀಸೈಕ್ಲಿಂಗ್' ಎಂದು ಬರೆದಿದ್ದಳು. ಅವನು ಪ್ರತಿ ಮಂಗಳವಾರ ಬಾಟಲಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಿ ಇಡುತ್ತಿದ್ದುದು ನಿಜ.

ಈಗ ಅವಳು ಬಾಗಿಲಲ್ಲೇ ನಿಂತು, "ಅಪ್ಪಾ, ಐ ಚೇಂಜ್ಡ್ ಇಟ್," ಎಂದಳು. "ಈ ವರ್ಷದ ಫಾರ್ಮಲ್ಲಿ 'ರೀ' ತೆಗೆದ್‌ಬಿಟ್ಟೆ."

ಮುರಳೀಧರ ಗಂಟಲು ಸರಿಮಾಡಿಕೊಂಡ. "ನೋಡು ಪುಟ್ಟಿ, ಆವತ್ತು ನಾನು ಪೂರ್ತಿ ತುಳೀಲಿಲ್ಲ."

"ಐ ನೋ, ಅಪ್ಪಾ. ಡೌನ್‌ಹಿಲ್ ಯಾರೂ ತುಳಿಯಲ್ಲ," ಎಂದು ತನ್ವಿ ಅವನ ತೋಳು ಹಿಡಿದಳು. ಅವಳು ಹಾಗೆ ತೋಳು ಹಿಡಿದು ಎರಡು ವರ್ಷವಾಗಿತ್ತು. ಮುರಳೀಧರ ಉಳಿದ ಮಾತನ್ನು ನಾಳೆಗಿಟ್ಟ. ಮರುದಿನವೂ ಅವಳು ತೋಳು ಹಿಡಿದಳು.

ಪ್ರೊಫೆಸರಮ್ಮ ಫೋಟೋ ಕಳಿಸಿದರು. ಅದೂ ಫ್ರಿಜ್ ಏರಿತು. ಬೇಸಗೆ ಮುಗಿಯುವ ಹೊತ್ತಿಗೆ ನಳಿನಿ ಊಟಕ್ಕೆ ಬಂದರು.

ನಳಿನಿಯವರು ಅಲ್ಲಿನ ಕನ್ನಡ ಬಳಗದ ಪತ್ರಿಕೆಯ ಸಂಪಾದಕಿ. ಎಂಟು ಪುಟದ ತ್ರೈಮಾಸಿಕ. ಅದರಲ್ಲಿ ಐದು ಪುಟ ಅಡುಗೆ, ಒಂದು ಪುಟ ಅಧ್ಯಕ್ಷರ ನುಡಿ, ಉಳಿದೆರಡು ಪುಟಕ್ಕಾಗಿ ಅವರು ಮೂರು ತಿಂಗಳು ಜನರ ಮನೆಯಲ್ಲಿ ಉಣ್ಣಬೇಕಾಗುತ್ತಿತ್ತು. ಮೊಸರು ತೆಗೆಯಲು ಎದ್ದವರು ಫ್ರಿಜ್ ಮುಂದೆ ನಿಂತುಬಿಟ್ಟರು.

"ಮುರಳೀ, ಇದು ನೀವಾ?"

"ನಾನೇ. ಆದ್ರೆ ಅದು ನೀವಂದ್ಕೊಂಡ ಹಾಗಲ್ಲ."

"ನಾನೇನೂ ಅಂದ್ಕೊಂಡೇ ಇಲ್ಲ. ಬೆಟ್ಟದ ಮೇಲೆ ಸೈಕಲ್ ಹಿಡ್ಕೊಂಡು ನಿಂತಿದೀರಿ. ನಿಂತಿದೀರೋ ಇಲ್ವೋ?"

"ನಿಂತಿದೀನಿ."

"ಸಾಕು," ಎಂದು ನಳಿನಿ ಫೋಟೋವನ್ನೂ ಕಾರ್ಡನ್ನೂ ಬ್ಯಾಗಿಗೆ ಹಾಕಿಕೊಂಡರು. ಜಯಾ ಮೊಸರು ಬಡಿಸುತ್ತ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಉಪ್ಪಿನಕಾಯಿಯ ಬಾಟಲಿಯ ಮೇಲಿನ ಚೀಟಿ ಓದುತ್ತಿದ್ದ.

ಪತ್ರಿಕೆ ಸೆಪ್ಟೆಂಬರಿನಲ್ಲಿ ಬಂತು. 'ಇಟಲಿಯ ಗಿರಿಶಿಖರಗಳನ್ನು ಗೆದ್ದ ನಮ್ಮ ಮುರಳೀಧರ' ಎಂಬುದು ಶೀರ್ಷಿಕೆ. ಓದುಗರು ಅಮೆರಿಕದವರಾದ್ದರಿಂದ ಐವತ್ತೈದು ಕಿಲೋಮೀಟರು ಐವತ್ತೈದು ಮೈಲಿಯಾಗಿತ್ತು.

ಅಂದೇ ಬಳಗದ ಅಧ್ಯಕ್ಷ ಡಾಕ್ಟರ್ ಬಸಲಿಂಗಪ್ಪನವರ ಫೋನು. ಧಾರವಾಡದ ಕಡೆಯವರು, ಇಪ್ಪತ್ತಾರು ವರ್ಷದಿಂದ ಇಲ್ಲಿ ಹೃದಯದ ಡಾಕ್ಟರು. ಕನ್ನಡಿಗರ ಹೃದಯಗಳಲ್ಲಿ ಅರ್ಧದಷ್ಟು ಅವರ ಕೈಯಲ್ಲಿದ್ದುದರಿಂದ ಚುನಾವಣೆಯಲ್ಲಿ ಅವರಿಗೆ ಎದುರಾಳಿಗಳಿರಲಿಲ್ಲ.

"ಏನ್ರಿ ಮುರಳೀಧರ, ಇಷ್ಟ್ ದೊಡ್ಡ ಕೆಲಸ ಮಾಡಿ ಬಾಯಿ ಮುಚ್ಕೊಂಡ್ ಕುಂತೀರಲ್ಲ."

"ಸಾರ್, ಅದರಲ್ಲಿ ಒಂದು ಸಣ್ಣ ಮಿಸ್‌ಟೇಕ್ ಇದೆ."

"ಗೊತ್ತೈತಿ. ಫೋಟೋ ಸಣ್ಣದ ಹಾಕ್ಯಾರ. ನಳಿನಿಯವ್ರಿಗೆ ಹೇಳ್ತೀನಿ. ನೀವು ಮುಂದಿನ ಶನಿವಾರ ಬಂದು ಭಾಷಣ ಮಾಡ್ರಿ. ನಮ್ ಮಂದಿ ಸೋಫಾ ಬಿಟ್ ಏಳವಲ್ಲರು."

ಭಾಷಣ ಒಂದು ಸ್ಕೂಲಿನ ಕೆಫೆಟೇರಿಯಾದಲ್ಲಿ ನಡೆಯಿತು. ಎಪ್ಪತ್ತು ಜನ ಸೇರಿದ್ದರು. ಮುರಳೀಧರ ಅಂದು ಎಲ್ಲವನ್ನೂ ಬಿಚ್ಚಿ ಹೇಳಿಬಿಡಬೇಕೆಂದು ಜಯಾಳ ಎದುರಿಗೆ ಮಾತು ಕೊಟ್ಟು ಬಂದಿದ್ದ. ತನ್ವಿ ಮೊದಲ ಸಾಲಿನಲ್ಲಿ ಕೂತಿದ್ದಳು. ಅವನು ಊರುಗಳಿಂದ ಶುರುಮಾಡಿದ. ಊರುಗಳನ್ನು ಅವನು ಚೆನ್ನಾಗಿಯೇ ವರ್ಣಿಸಿದ: ಯಾವ ಓಣಿಯಲ್ಲಿ ಎಷ್ಟು ಮೆಟ್ಟಿಲು, ಯಾವ ಬಾಗಿಲ ಹಿಂದೆ ನಾಯಿ, ಯಾವ ಅಜ್ಜಿಗೆ ಕಿವಿ ಕೇಳದು. ಸೈಕಲ್ಲಿನಲ್ಲಿ ಸಾಗುತ್ತಲೇ ಇಷ್ಟೆಲ್ಲ ಗಮನಿಸಿದನಲ್ಲ ಎಂದು ಸಭೆ ಬೆರಗಾಯಿತು. ನಡುವೆಯೇ ಪ್ರಶ್ನೆಗಳು ಬಂದವು.

"ದಾರೀಲಿ ಏನು ತಿಂದ್ರಿ?"

"ಬ್ರೆಡ್."

"ಬರೀ ಬ್ರೆಡ್ಡಾ?"

"ತುಂಬಾ ಇತ್ತು."

"ಕಾರ್ಬೋಹೈಡ್ರೇಟು," ಎಂದರು ಬಸಲಿಂಗಪ್ಪ ಎದ್ದು ನಿಂತು, ಸಭೆಗೆ ತಿರುಗಿ. "ಬರಕೊಳ್ರಿ."

"ಎಷ್ಟು ಗೇರ್ ಇತ್ತು?" ಎಂದು ಹಿಂದಿನಿಂದ ಒಬ್ಬ ಇಂಜಿನಿಯರು ಕೇಳಿದರು.

"ನಾಲ್ಕು," ಎಂದ ಮುರಳೀಧರ, ಅಸ್ಸುಂತಾಳ ಎಡಗೈಯನ್ನು ನೆನಪಿಸಿಕೊಂಡು. "ರಿವರ್ಸ್ ಬೇರೆ."

ಸಭೆ ಘೊಳ್ಳೆಂದು ನಕ್ಕಿತು. ಇಷ್ಟು ಹಾಸ್ಯಪ್ರವೃತ್ತಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಮುರಳೀಧರ ನಗು ನಿಲ್ಲುವ ತನಕ ಕಾದು, ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿಜ ಹೇಳಬೇಕು ಅಂದ್ರೆ, ಇದರಲ್ಲಿ ನನ್ನದು ಏನೂ ಇಲ್ಲ," ಎಂದ. "ಮೊದಲನೇ ಏರಿನಲ್ಲೇ ನಾನು ಕೂತ್‌ಬಿಟ್ಟೆ. ಆಗಲ್ಲ ಅಂತ ಕೈಚೆಲ್ಲಿದೆ. ಆಗ ಆ ತಾಯಿ ಬಂದಳು. ಅವಳೇ ಎತ್ತಿಕೊಂಡಳು. ಐದೂರೂ ಅವಳೇ ಸುತ್ತಿಸಿದಳು. ನಾನು ಸುಮ್ನೆ ಕೂತಿದ್ದೆ."

ಬಸಲಿಂಗಪ್ಪನವರ ಹೆಂಡತಿ ಶಾಂತವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಕೈ ಮುಗಿದರು. ಅದನ್ನು ನೋಡಿ ಇಡೀ ಎರಡನೇ ಸಾಲು ಕೈ ಮುಗಿಯಿತು. ಚಾಮುಂಡಿಬೆಟ್ಟದ ಕಡೆಯ ಒಬ್ಬರು, "ತಾಯಿ ಪರದೇಶದಲ್ಲೂ ಕೈಬಿಡಲ್ಲ ನೋಡಿ," ಎಂದು ಪಕ್ಕದವರಿಗೆ ಹೇಳಿದರು. ಚಪ್ಪಾಳೆ ಎರಡು ನಿಮಿಷ ನಡೆಯಿತು. ಮುರಳೀಧರ ಬಾಯಿ ತೆರೆದು ನಿಂತಿದ್ದ. ಅದನ್ನು ಜನ ಭಾವಪರವಶತೆ ಎಂದುಕೊಂಡರು.

ಚಪ್ಪಾಳೆಯ ಕೊನೆಗೆ ಬಸಲಿಂಗಪ್ಪ ಘೋಷಿಸಿದರು: ಈ ಸಲದ ರಾಜ್ಯೋತ್ಸವಕ್ಕೆ ನಾಟಕ ಇಲ್ಲ, ಫ್ಯಾನ್ಸಿ ಡ್ರೆಸ್ ಇಲ್ಲ. ಸೈಕಲ್ ಯಾತ್ರೆ. ಹತ್ತಿರದ ಶುಗರ್‌ಲೋಫ್ ಬೆಟ್ಟಕ್ಕೆ. "ಹೆಸರು ಕೇಳಿ ಡಯಾಬಿಟಿಸ್‌ನವ್ರು ಅಂಜಬ್ಯಾಡ್ರಿ, ಈ ಶುಗರ್ ನಡೀತೈತಿ. ಮುಂದಾಳತ್ವ ಮುರಳೀಧರ ಅವರದು."

ಕಾರಿನಲ್ಲಿ ಜಯಾ ಹೇಳಿದಳು, "ನೀವು ಹೇಳಿದ್ದು ನಾನು ಕೇಳಿದೆ. ಪಾಪ, ನಿಮ್ಮ ತಪ್ಪಲ್ಲ. ಆದ್ರೆ 'ಬ್ರೆಡ್ ಮಾರೋಳು' ಅನ್ನೋ ಎರಡು ಪದ ಸೇರಿಸಿದ್ರೆ ಆಗ್ತಿತ್ತು."

ಹಿಂದಿನ ಸೀಟಿನಿಂದ ತನ್ವಿ, "ವಾಟ್ ಡಿಡ್ ಅಮ್ಮ ಸೇ?" ಎಂದು ಕೇಳಿದಳು.

"ಬ್ರೆಡ್ ತಗೋಬೇಕಂತೆ," ಎಂದ ಮುರಳೀಧರ, ಅಂಗಡಿಯ ಕಡೆಗೆ ತಿರುಗಿಸುತ್ತ. ಇದೊಂದು ಸುಳ್ಳು ಎಂದು ನಾವು ಒಪ್ಪಿಕೊಳ್ಳಲೇಬೇಕು.

ಅಕ್ಟೋಬರ್ ಪೂರ್ತಿ ಅವನು ಬೆಳಗ್ಗೆ ಟೆನಿಸ್ ಕೋರ್ಟಿನಲ್ಲಿ ಅಭ್ಯಾಸ ಮಾಡಿದ. ನೆಟ್ಟಿನ ಸುತ್ತ ತುಂಬ ಚೆನ್ನಾಗಿ ಸುತ್ತುತ್ತಿದ್ದ. ಎದುರು ಮನೆಯ ನಿವೃತ್ತ ಸೇನಾಧಿಕಾರಿ ಕಾಫಿ ಲೋಟ ಹಿಡಿದು ಕೆಲವು ದಿನ ನೋಡಿ, ಒಂದು ದಿನ ಜಯಾಳನ್ನು ಕೇಳಿದ, "ಅವರದೇನಾದರೂ ಕಳೆದುಹೋಗಿದೆಯೇ?"

ನವೆಂಬರ್ ಎರಡು, ಶನಿವಾರ. ಬೆಟ್ಟದ ಬುಡದಲ್ಲಿ ಇಪ್ಪತ್ತಮೂರು ಜನ ಸೇರಿದರು. ಮಂಕಿ ಕ್ಯಾಪಿನ ಮೇಲೆ ಹೆಲ್ಮೆಟ್, ಚೂಡಿದಾರದ ಮೇಲೆ ಜಾಕೆಟ್, ಪ್ರತಿ ಸೈಕಲ್ಲಿಗೂ ಒಂದು ಹಳದಿ ಕೆಂಪು ಬಾವುಟ. ಕೆಲವು ಸೈಕಲ್ಲುಗಳಿಗೆ ಇನ್ನೂ ಅಂಗಡಿಯ ಚೀಟಿ ಕಟ್ಟಿಯೇ ಇತ್ತು. ಊಟದ ಪಾತ್ರೆಗಳ ಜೊತೆ ಶಾಂತವ್ವ ಮತ್ತು ಜಯಾ ಮಿನಿವ್ಯಾನಿನಲ್ಲಿ ಹಿಂದಿನಿಂದ ಬರುವುದೆಂದಾಯಿತು. ಬಸಲಿಂಗಪ್ಪ ತೆಂಗಿನಕಾಯಿ ಒಡೆದರು. ತನ್ವಿ ಅಪ್ಪನ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿ, ಅವನ ಹಿಂದೆಯೇ ತನ್ನ ಸೈಕಲ್ಲು ನಿಲ್ಲಿಸಿಕೊಂಡಳು.

"ಅಪ್ಪಾ, ಗೋ ಸ್ಲೋ," ಎಂದಳು. "ಇವರೆಲ್ಲ ನಿನ್ನ ಥರ ಇಲ್ಲ."

ಮುರಳೀಧರ ಹೊರಟ. ಮೊದಲ ಅರ್ಧ ಮೈಲಿ ಸಮತಟ್ಟು. ಅಲ್ಲಿ ಅವನ ನೇತೃತ್ವ ನೋಡುವಂತಿತ್ತು. ಆಮೇಲೆ ರಸ್ತೆ ಎಡಕ್ಕೆ ಬಳುಕಿ ಮೇಲಕ್ಕೆ ಹೊರಟಿತು. ಮುರಳೀಧರ ಇಪ್ಪತ್ತು ಸಲ ತುಳಿದ. ಇಪ್ಪತ್ತೊಂದನೆಯ ಸಲ ಪೆಡಲು ಒಪ್ಪಲಿಲ್ಲ. ಬೀಳುವುದಕ್ಕೆ ಮೊದಲು ಇಳಿಯುವುದೇ ವಾಸಿಯೆಂದು ಅವನು ಇಳಿದ, ಹ್ಯಾಂಡಲ್ ಹಿಡಿದುಕೊಂಡು ನಡೆಯತೊಡಗಿದ, ತಲೆ ತಗ್ಗಿಸಿ, ಈಗ ಯಾರು ಮೊದಲು ಬಾಯಿ ತೆರೆಯುತ್ತಾರೋ ಎಂದು ಕಾಯುತ್ತ.

ಯಾರೂ ತೆರೆಯಲಿಲ್ಲ. ಹಿಂದೆ ಒಂದೊಂದಾಗಿ ಬ್ರೇಕಿನ ಸದ್ದು. ತಿರುಗಿ ನೋಡಿದರೆ ತನ್ವಿಯ ಹಿಂದೆ ಬಸಲಿಂಗಪ್ಪ ಇಳಿದು ತಳ್ಳುತ್ತಿದ್ದರು. ಅವರ ಹಿಂದೆ ನಳಿನಿ. ಅವರ ಹಿಂದೆ ಎಲ್ಲರೂ.

"ಇಟಲಿ ಪದ್ಧತಿ," ಎಂದು ಬಸಲಿಂಗಪ್ಪ ಹಿಂದಿನವರಿಗೆ ಹೇಳುತ್ತಿದ್ದರು, ಒಂದೊಂದು ಪದಕ್ಕೂ ನಿಂತು ಉಸಿರೆಳೆದು. "ಮೊದಲ. ಸ್ನಾಯು. ಬಿಸಿ ಮಾಡೋದು."

ಮುರಳೀಧರ ತಿರುವಿನ ಆಚೆ ಸೈಕಲ್ಲು ಹತ್ತುವನೆಂದು ಎಲ್ಲರೂ ಕಾದರು. ತಿರುವಿನ ಆಚೆ ಇನ್ನೂ ಕಡಿದಾಗಿತ್ತು. ಅವನು ನಡೆದೇ ನಡೆದ. ಹೀಗೆ ಇಪ್ಪತ್ತೆರಡು ಜನ ಗಂಭೀರರಾಗಿ, ಮೌನವಾಗಿ, ಒಬ್ಬರ ಹಿಂದೆ ಒಬ್ಬರು, ಬಾವುಟ ಕಟ್ಟಿದ ಸೈಕಲ್ಲುಗಳನ್ನು ತಳ್ಳುತ್ತ ಬೆಟ್ಟ ಏರುತ್ತಿದ್ದರೆ, ಎಲೆ ಉದುರುವುದನ್ನು ನೋಡಲು ಬಂದ ಕಾರುಗಳು ನಿಧಾನಿಸತೊಡಗಿದವು. ಒಬ್ಬಳು ಕಿಟಕಿ ಇಳಿಸಿ, "ನಿಮ್ಮ ಜೊತೆ ನಾವಿದ್ದೇವೆ," ಎಂದಳು. ಇನ್ನೊಂದು ಕಾರಿನವರು ಟೋಪಿ ತೆಗೆದರು. ಬಹುಶಃ ಶವಯಾತ್ರೆ ಎಂದುಕೊಂಡಿರಬೇಕು. ಅವರ ಹಿಂದೆ ಹದಿನೈದು ಕಾರು ನಿಂತವು. ಅವುಗಳ ಹಿಂದೆ ದೀಪ ಮಿನುಗಿಸುತ್ತ ಪೊಲೀಸ್ ಕಾರು ಬಂತು.

ಆರಡಿ ಎತ್ತರದ ಅಧಿಕಾರಿ ಇಳಿದು ಸಾಲಿನ ಉದ್ದಕ್ಕೂ ನಡೆದು ಬಂದ. "ಇಲ್ಲಿ ಯಾರು ಮುಖ್ಯಸ್ಥರು?"

ಇಪ್ಪತ್ತೆರಡು ಕೈಗಳು ಮುರಳೀಧರನನ್ನು ತೋರಿಸಿದವು.

"ಸರ್, ನೀವು ಯಾವುದರ ವಿರುದ್ಧ ಪ್ರತಿಭಟಿಸುತ್ತಿದ್ದೀರಿ?"

"ಯಾವುದರ ವಿರುದ್ಧವೂ ಅಲ್ಲ," ಎಂದ ಮುರಳೀಧರ ಇಂಗ್ಲಿಷಿನಲ್ಲಿ. "ಇದು ಸೈಕಲ್ ಸವಾರಿ."

ಅಧಿಕಾರಿ ಸಾಲನ್ನು ಇನ್ನೊಮ್ಮೆ ನೋಡಿದ. "ಈ ಹುಡುಗಿಯನ್ನು ಬಿಟ್ಟರೆ ಒಬ್ಬರೂ ಸವಾರಿ ಮಾಡುತ್ತಿಲ್ಲ."

"ಹೌದು."

"ಯಾಕೆ?"

ಬಸಲಿಂಗಪ್ಪ ಮುಂದೆ ಬಂದು ಇಟಲಿಯ ಪದ್ಧತಿಯನ್ನು ವಿವರಿಸಲು ಕೈ ಎತ್ತಿದರು. ಅಧಿಕಾರಿ ಅವರನ್ನು ತಡೆದು ಮುರಳೀಧರನನ್ನೇ ನೋಡಿದ. ಹದಿನೆಂಟು ವರ್ಷ ಅಮೆರಿಕದಲ್ಲಿದ್ದರೂ ಮುರಳೀಧರನಿಗೆ ಸಮವಸ್ತ್ರದ ಮುಂದೆ ಸುಳ್ಳೂ ಬರದು, ಅರೆನಿಜವೂ ಬರದು.

"ಯಾಕೆಂದರೆ ನನಗೆ ಏರಿನಲ್ಲಿ ಸೈಕಲ್ ಹೊಡೆಯಲು ಬರುವುದಿಲ್ಲ," ಎಂದ. "ಯಾವತ್ತೂ ಬಂದಿಲ್ಲ. ಇಟಲಿಯಲ್ಲಿ ನಾನು ಐದೂರು ಸುತ್ತಿದ್ದು ಬ್ರೆಡ್ ಗಾಡಿಯಲ್ಲಿ. ಅಸ್ಸುಂತಾ ಅಂತ ಒಬ್ಬ ಬ್ರೆಡ್ ಮಾರುವ ಅಜ್ಜಿ ಓಡಿಸಿದರು. ಸೈಕಲ್ಲು ಹಿಂದೆ ಇತ್ತು. ಇವರೆಲ್ಲ ನಡೆಯುತ್ತಿರುವುದು ನಾನು ನಡೆದದ್ದಕ್ಕೆ."

ಇದನ್ನು ವಿನಯ ಎಂದು ತಿಳಿಯುವುದು ಯಾರಿಗೂ ಸಾಧ್ಯವಿರಲಿಲ್ಲ. ಇಂಗ್ಲಿಷಿನಲ್ಲಿ, ಪೊಲೀಸರ ಮುಂದೆ, ಯಾರು ತಾನೆ ವಿನಯ ತೋರಿಸುತ್ತಾರೆ?

ಅಧಿಕಾರಿಯೊಬ್ಬನೇ ಸಮಾಧಾನಪಟ್ಟವನು. "ರಸ್ತೆಯ ಪಕ್ಕಕ್ಕೆ ಸರಿದು ನಡೆಯಿರಿ," ಎಂದು ಹೇಳಿ, ಕಾರುಗಳನ್ನು ಬಿಡಲು ಹೋದ.

ಮಿನಿವ್ಯಾನಿನ ಕಿಟಕಿಯಿಂದ ಶಾಂತವ್ವ ತಲೆ ಹೊರಹಾಕಿದರು. "ಅಂದ್ರ ಆ ತಾಯಿ ದೇವಿ ಅಲ್ಲೇನ್ರಿ?"

"ಅಲ್ಲಮ್ಮ. ಬ್ರೆಡ್ ಮಾರೋರು."

"ಅಯ್ಯ ಶಿವನ, ನಾ ಆಕಿ ಹೆಸರ್ಲೆ ಉಡಿ ತುಂಬೀನಿ," ಎಂದ ಶಾಂತವ್ವ ಸ್ವಲ್ಪ ಯೋಚಿಸಿ, "ಇರ್ಲಿ ಬಿಡ್ರಿ, ಹಸಿದವ್ರಿಗೆ ರೊಟ್ಟಿ ಹಾಕಾಕಿ. ಹಾಳಾಗಿಲ್ಲ," ಎಂದು ತಲೆ ಒಳಕ್ಕೆಳೆದುಕೊಂಡರು.

ಬಸಲಿಂಗಪ್ಪ ಸೈಕಲ್ಲನ್ನು ಮರಕ್ಕೆ ಒರಗಿಸಿ ರಸ್ತೆಯಂಚಿನ ಕಲ್ಲಿನ ಮೇಲೆ ಕೂತಿದ್ದರು. ಮುರಳೀಧರ ಅವರ ಮುಂದೆ ಹೋಗಿ ನಿಂತ. ಅವರು ತಮ್ಮ ನಾಡಿಯನ್ನು ತಾವೇ ಹಿಡಿದು, ಗಡಿಯಾರ ನೋಡುತ್ತಿದ್ದರು.

"ಮುರಳೀಧರ, ನಿಮ್ಮ ಮ್ಯಾಲೆ ನನಗ ಭಾಳ ಸಿಟ್ಟು ಬರಬೇಕಿತ್ತು," ಎಂದರು ಎಣಿಕೆ ಮುಗಿಸಿ. "ಆದ್ರ ಆ ಏರಿನ್ಯಾಗ ಇನ್ನ ಹತ್ತು ಸಲ ತುಳಿದಿದ್ರ, ನಾಳೆ ನನ್ನ ದವಾಖಾನಿಯೊಳಗ ನಾನ ಪೇಷಂಟ್ ಆಗ್ತಿದ್ದೆ. ನೀವು ಇಳದ್ರಿ, ನಾ ಉಳದೆ. ಏನಂತ ಬೈಯ್ಲಿ?"

ನಳಿನಿ ಮಾತ್ರ ನಿಜಕ್ಕೂ ನೊಂದಿದ್ದರು. "ನೀವು ಹೇಳಬೇಕಿತ್ತು, ಮುರಳೀ. ನಾನು ಐವತ್ತೈದು ಮೈಲಿ ಅಂತ ಬೇರೆ ಹಾಕ್ಬಿಟ್ಟೆ."

ಅವನು ಇವರಲ್ಲಿ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಸಾಲಿನ ಮುಂದೆ ತನ್ವಿ ಒಂದು ಕಾಲು ನೆಲಕ್ಕೂರಿ ಸೈಕಲ್ಲಿನ ಮೇಲೇ ಕೂತಿದ್ದಳು. ಆ ಇಪ್ಪತ್ತಮೂರು ಜನರಲ್ಲಿ ಸೀಟಿನಿಂದ ಇಳಿಯದವಳು ಅವಳೊಬ್ಬಳೇ. ಅಪ್ಪನ ಹಿಂದೆ, ಅವನ ನಡಿಗೆಯ ವೇಗಕ್ಕೆ, ತೂರಾಡುತ್ತ ತುಳಿದುಕೊಂಡೇ ಬಂದಿದ್ದಳು.

"ಸೋ ಯು ಡಿಡ್‌ನ್ಟ್ ಬೈಕ್," ಎಂದಳು.

"ಇಲ್ಲ ಪುಟ್ಟಿ."

"ಅಟ್ ಆಲ್?"

"ಸ್ಪೆಲ್ಲೊ ತನಕ. ಮೂರೂವರೆ ಮೈಲಿ. ಅದು ಫ್ಲ್ಯಾಟು."

ತನ್ವಿ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹ್ಯಾಂಡಲ್ಲಿನಿಂದ ಬಾವುಟ ಬಿಚ್ಚಿ, ಅದನ್ನು ಅವನ ಕೈಗೆ ಕೊಟ್ಟು, ಬೆನ್ನು ಬಾಗಿಸಿ ತುಳಿದುಕೊಂಡು ಒಬ್ಬಳೇ ಮೇಲಕ್ಕೆ ಹೋದಳು. ಎಲ್ಲಿಯೂ ನಿಲ್ಲಲಿಲ್ಲ.

ಮೇಲೆ ಬಿಸಿಬೇಳೆ ಭಾತು, ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ. ರಾಜ್ಯೋತ್ಸವ ಚೆನ್ನಾಗಿಯೇ ನಡೆಯಿತು. ನಡೆದು ಬಂದವರಿಗೆ ಹಸಿವು ಜೋರಾಗಿತ್ತು, ಮುರಳೀಧರನ ಮೇಲಿನ ಸಿಟ್ಟು ಎರಡನೇ ಬಡಿಸುವಿಕೆಯ ಹೊತ್ತಿಗೆ ಕರಗಿತು, ಮೂರನೆಯದಕ್ಕೆ ಆ ಬ್ರೆಡ್ ಗಾಡಿಯ ಕಥೆ ಪೂರ್ತಿ ಹೇಳಬೇಕೆಂಬ ಒತ್ತಾಯ ಶುರುವಾಯಿತು. ಅವನು ಹೇಳಲಿಲ್ಲ. ತನ್ವಿ ದೂರದ ಬಂಡೆಯ ಮೇಲೆ ಅವನಿಗೆ ಬೆನ್ನು ಹಾಕಿ, ಕಣಿವೆ ನೋಡುತ್ತ ಒಬ್ಬಳೇ ಉಣ್ಣುತ್ತಿದ್ದಳು. ಜಯಾ ಅವಳ ತಟ್ಟೆಗೆ ಮೊಸರನ್ನ ಹಾಕಿ ಬಂದು, ಗಂಡನ ಪಕ್ಕ ಕೂತು, ಅವನ ತಟ್ಟೆಗೂ ಹಾಕಿದಳು.

ಮನೆಗೆ ಬರುವಾಗ, ಜರ್ಮನ್‌ಟೌನಿನ ಮೊದಲ ಸಿಗ್ನಲ್ಲಿನಲ್ಲಿ ತನ್ವಿ ಹಿಂದಿನಿಂದ ಹೇಳಿದಳು:

"ಮಂಡೇ ನನ್ನ ಸ್ಕೂಲಿಗೆ ಬಾ. ಜಿಯಾಗ್ರಫಿ ಕ್ಲಾಸ್. ನಿನ್ನ ಪೋಸ್ಟ್‌ಕಾರ್ಡ್ ಬಗ್ಗೆ ನಾನು ಎಲ್ಲರಿಗೂ ಹೇಳಿದೀನಿ. ಟೀಚರ್ ನಿನ್ನ ಕರೀಬೇಕು ಅಂತಿದ್ರು. ಯು ಟೆಲ್ ದೆಮ್. ನಾನು ಹೇಳಲ್ಲ."

"ಬರ್ತೀನಿ," ಎಂದ ಮುರಳೀಧರ.

ಸೋಮವಾರ ಅವನು ಲ್ಯಾಬಿಗೆ ರಜೆ ಹಾಕಿ, ಇದ್ದ ಒಂದೇ ಸೂಟು ತೊಟ್ಟು, ಏಳನೇ ತರಗತಿಯ ಇಪ್ಪತ್ತೆಂಟು ಮಕ್ಕಳ ಮುಂದೆ ನಿಂತ. ತನ್ವಿ ಕೊನೆಯ ಸಾಲಿನ ಮೂಲೆಯಲ್ಲಿ, ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಟೀಚರು ಇಟಲಿಯ ನಕ್ಷೆ ಇಳಿಬಿಟ್ಟು, ಇವರು ಬೆಟ್ಟದ ಐದು ಊರುಗಳನ್ನು ಸೈಕಲ್ಲಿನಲ್ಲಿ ಸುತ್ತಿದವರು ಎಂದು ಪರಿಚಯ ಮಾಡಿಕೊಟ್ಟರು.

"ಇಲ್ಲ," ಎಂದ ಮುರಳೀಧರ. "ಸೈಕಲ್ಲಿನಲ್ಲಿ ಸುತ್ತಲಿಲ್ಲ. ಒಬ್ಬ ಅಜ್ಜಿಯ ಬ್ರೆಡ್ ಗಾಡಿಯಲ್ಲಿ ಸುತ್ತಿದೆ. ನನ್ನ ಮಗಳು ನಿಮಗೆ ಹೇಳಿದ್ದರಲ್ಲಿ ತಪ್ಪಿಲ್ಲ, ತಪ್ಪು ನನ್ನದು. ನಾನು ಅವಳಿಗೆ ಅರ್ಧ ಬರೆದೆ. ಉಳಿದರ್ಧ ಹೇಳಲು ಬಂದಿದ್ದೇನೆ."

ಟೀಚರು ನಕ್ಷೆಯ ಕೋಲನ್ನು ಕೆಳಗಿಟ್ಟರು. ಆಮೇಲೆ ಮೊದಲ ಸಾಲಿನಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. "ಯಾವ ತರಹದ ಬ್ರೆಡ್?"

ಅಲ್ಲಿಂದ ಅವನು ನಲವತ್ತು ನಿಮಿಷ ಮಾತಾಡಿದ. ಉಪ್ಪು ಹಾಕದ ಬ್ರೆಡ್ ಎಂದ. ಯಾಕೆ ಹಾಕುವುದಿಲ್ಲ ಎಂದು ಕೇಳಿದಾಗ, ಅಸ್ಸುಂತಾ ಅದನ್ನು ಒಂದು ಗಂಟೆ ವಿವರಿಸಿದಳು, ಆದರೆ ಇಟಾಲಿಯನ್ನಿನಲ್ಲಿ ಎಂದ. ನೀವೇನು ಹೇಳಿದಿರಿ ಎಂದಾಗ, ನಾನು ಕನ್ನಡದಲ್ಲಿ ನಮ್ಮ ಕಡೆ ಉಪ್ಪು ಹಾಕುತ್ತೇವೆ ಎಂದೆ, ಅವಳು ಒಪ್ಪಲಿಲ್ಲ ಎಂದ. ಕಿಟಕಿಯಿಂದಿಳಿದ ಬುಟ್ಟಿಯ ಬಗ್ಗೆ, ಮೆಟ್ಟಿಲುಗಳ ಬಗ್ಗೆ, ಇಳಿಜಾರಿನಲ್ಲಿ ಗಾಡಿಯ ಬ್ರೇಕು ಹಿಡಿಯದಾಗ ಅಸ್ಸುಂತಾ ಹೇಗೆ ಹಾಡು ಶುರುಮಾಡುತ್ತಿದ್ದಳು ಎಂಬ ಬಗ್ಗೆ ಹೇಳಿದ. ಆ ಹಾಡನ್ನು ಹಾಡಿಯೂ ತೋರಿಸಿದ. ಅದರ ವಿಷಯ ಹೆಚ್ಚು ಹೇಳದಿರುವುದೇ ಲೇಸು.

ಗಂಟೆ ಬಾರಿಸಲು ಎರಡು ನಿಮಿಷ ಇರುವಾಗ ಟೀಚರು, "ಕೊನೆಯ ಪ್ರಶ್ನೆ," ಎಂದರು.

ಕೊನೆಯ ಸಾಲಿನ ಮೂಲೆಯಲ್ಲಿ ಒಂದು ಕೈ ಎದ್ದಿತು. ತನ್ವಿ, ಅವನು ಯಾರೋ ಎಂಬಂತೆ, ಗಂಭೀರವಾಗಿ ಎದ್ದು ನಿಂತಳು.

"ಸರ್, ಆ ಗಾಡಿಯಲ್ಲಿ ಒಟ್ಟು ಎಷ್ಟು ಜನಕ್ಕೆ ಜಾಗ ಇದೆ?"

ಮುರಳೀಧರ ಪ್ರಶ್ನೆಯನ್ನು ಅದಕ್ಕೆ ಸಲ್ಲಬೇಕಾದ ಗಾಂಭೀರ್ಯದಿಂದಲೇ ಪರಿಶೀಲಿಸಿದ.

"ನಿಜವಾಗಿ ಒಬ್ಬರಿಗೆ," ಎಂದ. "ಒತ್ತಿ ಕೂತರೆ ಇಬ್ಬರಿಗೆ. ಬ್ರೆಡ್ಡಿನ ಬುಟ್ಟಿಯನ್ನು ಹಿಂದೆ ಇಡಲು ಅವಳು ಒಪ್ಪಿದರೆ, ಮೂರನೆಯವರು ಚಿಕ್ಕವರಾಗಿದ್ದರೆ, ಮೂವರಿಗೆ."

"ಥ್ಯಾಂಕ್ ಯು," ಎಂದು ತನ್ವಿ ಕೂತು, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.